ಅದೀಯೇನೋ ತಮ್ಮಾ?

ನಮ್ಮ ಅಕ್ಕನ ಮಗ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬನಶಂಕರಿಗೆ ಬಂದನೆಂದರೆ ಅವನ ಬಿಡಾರ ಮಾಳಿಗೆಯ ಮೇಲೆ. ಗಾಳಿಗಾಗಿ ಎಂದು ನೀವು ತಿಳಿದರೆ, ನಿಮ್ಮ ಬುದ್ಧಿಯೂ ನನ್ನಷ್ಟೇ ಹಳೆಯದು ಎಂದರ್ಥ. ಅಲ್ಲಿ ರೇಂಜ್ ಚಲೋ ಸಿಗುತ್ತದಂತೆ. ರಾತ್ರಿ ಹತ್ತಾದರೂ ಲ್ಯಾಪ್‌ಟಾಪಿನ ಮುಂದಿಂದ ಏಳದ ಮೊಮ್ಮಗನನ್ನು ಕಂಡು ಅವ್ವನಿಗೆ ಸಂಶಯ.

"ಇಷ್ಟೊತ್ತಿನಾಗ ಯಾರ ಜೋಡಿ ಮಾತಾಡಾಕತ್ತೀಯೋ?"

"ಮಾತಾಡಾಕತ್ತಿಲ್ಲ ಆಯಿ, ಕಾಯಾಕತ್ತೀನಿ."

ಅವ್ವನ ಪಾಲಿಗೆ ಇದು ಇನ್ನೂ ಕೆಟ್ಟ ಸುದ್ದಿ. ಹುಡುಗಿ ಯಾರು, ಯಾವ ಊರು ಎಂದು ವಿಚಾರಿಸುವ ಕೆಲಸ ನನ್ನ ತಲೆಗೆ ಬಂತು. ಏಣಿ ಹತ್ತಿದೆ. ಅವನು ಕಾಯುತ್ತಿದ್ದದ್ದು ಜರ್ಮನಿಯ ಒಬ್ಬ ಗಡ್ಡದ ಮನುಷ್ಯನನ್ನು.

ಗೂಗಲ್‌ನವರು 2005ರಿಂದ 'ಸಮ್ಮರ್ ಆಫ್ ಕೋಡ್' ನಡೆಸುತ್ತಾರೆ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳಿಗೆ ಹುಡುಗರು ಬೇಸಿಗೆಯಲ್ಲಿ ಕೋಡ್ ಬರೆಯುತ್ತಾರೆ, ಗೂಗಲ್ ಸ್ಟೈಪೆಂಡ್ ಕೊಡುತ್ತದೆ. ಮೊದಲು ವಿದ್ಯಾರ್ಥಿಗಳಿಗಷ್ಟೇ ಇತ್ತು; 2022ರಿಂದ ಉಳಿದ ಹೊಸಬರಿಗೂ ಬಾಗಿಲು ತೆರೆದಿದೆ. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗವೂ ಇದರಲ್ಲಿ ಹುಡುಗರನ್ನು ಪಳಗಿಸಿದ್ದುಂಟು. ದಾರಿ ತೋರಿಸುವ ಮೆಂಟರ್‌ಗಳು ಮಾತ್ರ ಹೆಚ್ಚಾಗಿ ಸ್ವಂತ ಖುಷಿಗೆ ದುಡಿಯುವವರು. ಹಗಲೆಲ್ಲ ಬೇರೆ ನೌಕರಿ ಮಾಡಿ ಸಂಜೆ ಇದಕ್ಕೆ ಕೂಡುತ್ತಾರೆ. ನಮ್ಮ ಹುಡುಗನೂ ಇದರಲ್ಲಿದ್ದಾನೆ; ಆ ಗಡ್ಡದವನು ಅವನ ಮೆಂಟರ್. ನಮಗೆ ರಾತ್ರಿ ಹತ್ತು ಹೊಡೆದಾಗ ಬೇಸಿಗೆಯ ಜರ್ಮನಿಯಲ್ಲಿ ಆರೂವರೆ. ಹುಡುಗರಿಗೆ ಬಹಳಷ್ಟು ಕಡೆ ಒಂದು ಕಟ್ಟಪ್ಪಣೆ ಇರುತ್ತದೆ: ಚಾಟ್‌ನಲ್ಲಿ ಕೈಗೆ ಸಿಗುತ್ತಿರಬೇಕು.

ಬನಶಂಕರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬನದ ಹುಣ್ಣಿಮೆಯ ತೇರು ಎಳೆದ ಮೇಲೂ ವಾರಗಟ್ಟಲೆ ಇಲ್ಲಿ ನಾಟಕ ಕಂಪನಿಗಳು ಟೆಂಟು ಹೊಡೆದಿರುತ್ತವೆ. ಕಡೆಯ ಸೀನಿನಲ್ಲಿ ಒಂದೇ ಮಾತಿರುವ ಪೊಲೀಸನೂ ಮೊದಲೇ ಬಣ್ಣ ಬಳಿದುಕೊಂಡು ಪರದೆಯ ಹಿಂದೆ ಕೂತಿರಬೇಕು. ಅವನೇನಾದರೂ ಮಿರ್ಚಿ ಭಜಿಗೆಂದು ಹೊರಗೆ ಹೋದನೋ, ಹಿಡಿಯುವವರಿಲ್ಲದೆ ಖಳನಾಯಕ ಅಟ್ಟಹಾಸ ಮಾಡುತ್ತಲೇ ನಿಲ್ಲಬೇಕಾಗುತ್ತದೆ. ಎಷ್ಟು ಹೊತ್ತಂತ ನಗುತ್ತಾನೆ ಪಾಪ, ಅವನಿಗೂ ಗಂಟಲಿದೆ.

ಮೊದಲು ಈ ಕೋಡ್ ಬರೆಯುವ ಹುಡುಗರೆಲ್ಲ ಸೇರುತ್ತಿದ್ದದ್ದು ಐಆರ್‌ಸಿ ಎಂಬ ಹರಟೆಕಟ್ಟೆಯಲ್ಲಿ. 1988ರಲ್ಲಿ ಫಿನ್ಲೆಂಡಿನ ಯಾರ್ಕೋ ಓಯಿಕರಿನೆನ್ ಕಟ್ಟಿದ್ದು. ಅದಕ್ಕೆ ಸ್ಮೃತಿಯೇ ಇಲ್ಲ. ನೀವು ಎದ್ದು ಹೋದ ಮೇಲೆ ಆಡಿದ ಮಾತು ನಿಮಗೆ ದಕ್ಕದು. ಕರೆಂಟು ಹೋದರೆ ಮುಗಿಯಿತು. ಜಾಣರು ತಮ್ಮ ಬದಲು ಇನ್ನೆಲ್ಲೋ ಸದಾ ಎಚ್ಚರಿರುವ ಸರ್ವರ್ ಒಂದನ್ನು ಕೂಡಿಸಿ ನಿದ್ದೆ ಮಾಡುತ್ತಿದ್ದರು. ಹೊಸಬರದ್ದು ಬೇರೆಯೇ ಕಥೆ. "ಗುಡ್ ಈವನಿಂಗ್ ಸರ್, ಇದ್ದೀರಾ?" ಎಂದು ಬರೆಯುವುದು, ಚಹಾ ಆರುವಷ್ಟು ಹೊತ್ತು ಕಾದು ಬೇಜಾರಾಗಿ ಎದ್ದು ಹೋಗುವುದು. ಸರ್ ಬಂದು "ಇದ್ದೇನೆ, ಕೇಳು" ಎನ್ನುವಾಗ ಈಚೆ ಯಾರೂ ಇಲ್ಲ. ಈಗ ಜುಲಿಪ್, ಮ್ಯಾಟ್ರಿಕ್ಸ್ ಎಂಬ ಹೊಸ ಹರಟೆಕಟ್ಟೆಗಳು ಬಂದಿವೆ, ಅಲ್ಲಿ ಹಳೆಯ ಮಾತು ಹಾಗೇ ಉಳಿಯುತ್ತದೆ. ಆದರೂ "ಇದ್ದೀರಾ?" ಎಂದಷ್ಟೇ ಕೇಳಿ ಪ್ರಶ್ನೆಯನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಚಾಳಿ ಹೋಗಿಲ್ಲ.

ನನ್ನ ತಕರಾರು ಚಾಟ್‌ನಲ್ಲಿ 'ಇದ್ದಾನೆ' ಎಂದು ತೋರಿಸುವ ಹಸಿರು ಚುಕ್ಕಿಯ ಮೇಲೆ. ಹೆಸರಿನ ಪಕ್ಕ ಅದು ಉರಿಯುತ್ತಿದ್ದ ಮಾತ್ರಕ್ಕೆ ಕೆಲಸ ಸಾಗಿತೆಂದು ನಂಬುವವರು ನಮ್ಮ ಕಚೇರಿಗಳಲ್ಲಿ ಕುರ್ಚಿಗೆ ಕೋಟು ತೂಗುಹಾಕಿ ಹೋಗುವವರನ್ನು ನೋಡಿಲ್ಲ. ಹುಡುಗ ಉಣ್ಣಬೇಕು, ಮಲಗಬೇಕು, ಕೋಡ್ ಬರೆಯುವ ತಿಂಗಳುಗಳಲ್ಲೇ ಬಂದು ಕೂಡುವ ಸೆಮಿಸ್ಟರ್ ಪರೀಕ್ಷೆಗೂ ಓದಬೇಕು. "ಪರೀಕ್ಷೆ ಇದೆ, ಮುಂದಿನ ವಾರ ಸಿಗುವುದಿಲ್ಲ" ಎಂದು ಮುಂಚೆಯೇ ಹೇಳಿ ಹೋದವನನ್ನು ಯಾವ ಮೆಂಟರೂ ಶಪಿಸುವುದಿಲ್ಲ. ಹೇಳದೆ ಮಾಯವಾಗುವುದೇ ತೊಡಕು. ಹುಡುಗನಿಗೆ ಜ್ವರವೋ, ಮುನಿಸೋ, ಕೆಲಸವೇ ಬಿಟ್ಟನೋ, ಅಷ್ಟು ದೂರದಿಂದ ಹೇಗೆ ಗೊತ್ತಾಗಬೇಕು?

ನಮ್ಮವನಿಗೂ ಆದದ್ದು ಅದೇ. ಒಂದು ಎರರ್ ಬಂದು ಕೂತಿತ್ತು. ಕೇಳಿದರೆ ದಡ್ಡನೆಂದಾರು ಎಂದು ತುಟಿ ಬಿಚ್ಚಿರಲಿಲ್ಲ. ಕೆಲಸ ಪೂರಾ ಆದ ಮೇಲೇ ಮಾಸ್ತರರ ಮುಂದೆ ನಿಲ್ಲಬೇಕೆಂದು ಸಾಲಿಯಲ್ಲಿ ಕಲಿಸಿದವರು ನಾವೇ ತಾನೆ. ಕಡೆಗೆ ಜರ್ಮನಿಯಿಂದಲೇ ಕರೆ ಬಂತು: ಇದ್ದೀಯಾ? ಎಲ್ಲಿ ಸಿಕ್ಕಿಕೊಂಡಿದ್ದೀ, ಅರೆಬರೆಯಾಗಿದ್ದರೂ ತೋರಿಸು. ಹುಡುಗ ಅಳುಕುತ್ತ ತೋರಿಸಿದ. ಅದು ಆ ಮನುಷ್ಯ ತಾನೇ ಬರೆದು ಮರೆತಿದ್ದ ತಪ್ಪಂತೆ!

ಇದನ್ನೆಲ್ಲ ಕೆಳಗಿಳಿದು ಅವ್ವನಿಗೆ ವರದಿ ಮಾಡಿದೆ. ಹುಡುಗಿ ಇಲ್ಲವೆಂದು ತಿಳಿದು ಸಮಾಧಾನವಾಯಿತೋ ನಿರಾಸೆಯಾಯಿತೋ ಹೇಳುವುದು ಕಷ್ಟ. ಅಂಗಳದಿಂದಲೇ ಕೂಗಿದಳು:

"ಬರೇ ಕೆಲಸದ್ದ ಮಾತಾಡತೀಯಲ್ಲೋ, ಆ ಮನಶಾಗ ಊಟಾ ಆತೇನು ಕೇಳಿಯೇನು?"

ಆಯಿಯ ಮಾತು ಮೀರದ ಹುಡುಗ ಅದನ್ನೂ ಬರೆದ. ಈ ಸಲ ಉತ್ತರ ತಕ್ಷಣ ಬಂತು. ಬ್ರೆಡ್ಡು, ಚೀಸು ತಿಂದನಂತೆ. ನಿಮ್ಮಲ್ಲಿ ಏನು ಎಂದು ಕೇಳಿದ. ಕಟಕ ರೊಟ್ಟಿ ಎಂದರೇನು ಎಂದು ತಿಳಿಸುವುದರಲ್ಲಿ ಹನ್ನೊಂದು ಹೊಡೆಯಿತು. ಎರರ್ ಮರುದಿನಕ್ಕೆ ಉಳಿಯಿತು.