ಶ್ರೀರಂಗಪಟ್ಟಣದ ಪದಕವೂ ಶುಕ್ತಿರಜತ ನ್ಯಾಯವೂ

ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸಿದವನ ಬಗ್ಗೆ ನಮ್ಮ ದಾರ್ಶನಿಕರು ರಾಶಿ ರಾಶಿ ಗ್ರಂಥ ಬರೆದಿಟ್ಟಿದ್ದಾರೆ. ಆದರೆ ಆ ಬೆಳ್ಳಿಗೆ ಅವನು ಎಷ್ಟು ಮುಂಗಡ ಕೊಟ್ಟ ಎಂಬ ಮುಖ್ಯ ಪ್ರಶ್ನೆಯನ್ನು ಯಾವ ಭಾಷ್ಯಕಾರರೂ ಎತ್ತಿಲ್ಲ. ಈ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ವಿಷಯ: ಹಳೆಯ ಸೈನಿಕ ಪದಕಗಳ ಅಸಲಿ-ನಕಲಿ ನಿರ್ಣಯ. ಅಧಿಕಾರಿ: ಜೇಬಿನಲ್ಲಿ ದುಡ್ಡು, ತಲೆಯಲ್ಲಿ ಆಸೆ ಇರುವ ಯಾವನೇ ಸಂಗ್ರಾಹಕ. ಎರಡರಲ್ಲಿ ಒಂದೇ ಇದ್ದವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಪರೀಕ್ಷೆಗೆ ತೆಗೆದುಕೊಂಡ ವಸ್ತು, 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದಕ್ಕೆ ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ ಪದಕ. ಅಚ್ಚು ಕೆತ್ತಿದವನು ಕ್ಯೂಚ್ಲರ್. ಟಂಕಿಸಿದ್ದು ಬರ್ಮಿಂಗ್‌ಹ್ಯಾಮ್ ಬಳಿ ಮ್ಯಾಥ್ಯೂ ಬೋಲ್ಟನ್ ಕಟ್ಟಿದ ಸೋಹೋ ಟಂಕಸಾಲೆ. ಒಂದು ಮುಖದಲ್ಲಿ ಬ್ರಿಟಿಷ್ ಸಿಂಹ ಮೈಸೂರು ಹುಲಿಯನ್ನು ಕೆಡವಿಕೊಂಡಿದೆ. ಮೇಲಿನ ಬಾವುಟದಲ್ಲಿ ‘ದೇವರ ಸಿಂಹವೇ ವಿಜಯಿ’ ಎಂಬರ್ಥದ ಅರಬ್ಬಿ ವಾಕ್ಯ. ಇದೇ ವಾಕ್ಯ ಟಿಪ್ಪುವಿನ ಆಯುಧಗಳ ಮೇಲೂ ಇತ್ತು. ಅಂದರೆ ಅಸಲಿ ಪದಕದ ಘೋಷವಾಕ್ಯವೇ ಸೋತವನ ಮನೆಯಿಂದ ತಂದದ್ದು! ಇನ್ನೊಂದು ಮುಖದಲ್ಲಿ ಕೋಟೆಗೆ ಲಗ್ಗೆ, ನೆತ್ತಿಗೇರಿದ ಸೂರ್ಯ, ಕೆಳಗೆ ಪಾರ್ಸಿಯಲ್ಲಿ ಹಿಜರಿ 1213ರ ತಾರೀಖು. ದೊಡ್ಡ ಸೇನಾಪತಿಗಳಿಗೆ ಚಿನ್ನದ್ದು, ಅವರ ಕೆಳಗಿನವರಿಗೆ ಗಿಲೀಟಿನದು, ಆಮೇಲೆ ಬೆಳ್ಳಿ, ಕಂಚು. ಗೋಡೆ ಹತ್ತಿದ ಸಿಪಾಯಿಗೆ ತವರ.

ಈಗ ಪ್ರಮಾಣಗಳು. ಪ್ರತ್ಯಕ್ಷಕ್ಕೆ ಭೂತಗನ್ನಡಿ ಸಾಕು. ಅಚ್ಚೊತ್ತಿದ ಪದಕದಲ್ಲಿ ಸಿಂಹದ ಕೇಸರ ಎಳೆ ಎಳೆಯಾಗಿ ಕಾಣುತ್ತದೆ. ಎರಕದ ಪದಕದಲ್ಲಿ ಅದೇ ಸಿಂಹ ಎಣ್ಣೆ ಹಚ್ಚಿ ತಲೆ ಬಾಚಿ ಮದುವೆಗೆ ಹೊರಟವನಂತೆ ಕಾಣುತ್ತದೆ. ಅಕ್ಷರಗಳ ಸುತ್ತ ಸಣ್ಣ ಗುಳ್ಳೆಗಳು, ಅಂಚಿನಲ್ಲಿ ಎರಕದ ಕೂಡುಗೆರೆಯನ್ನು ಅರದಿಂದ ಉಜ್ಜಿದ ಗುರುತು.

ಎರಕ ಆರುವಾಗ ಲೋಹ ಕುಗ್ಗುವುದರಿಂದ ಅಸಲಿಯಿಂದ ಅಚ್ಚು ತೆಗೆದು ಹೊಯ್ದ ನಕಲಿ ಯಾವಾಗಲೂ ತುಸು ಕಿರಿದು. ಅಳತೆಗೋಲು ಹಿಡಿದರೆ ಕಳ್ಳ ಸಿಕ್ಕಿಬೀಳಬೇಕು. ಆದರೆ ಇಲ್ಲಿ ಇತಿಹಾಸವೇ ಮಾರುವವನ ಪಕ್ಷ ವಹಿಸುತ್ತದೆ. ಸೋಹೋದ ಪದಕ 48 ಮಿಲಿಮೀಟರ್. ಅದನ್ನು ನೋಡಿ ಕಲ್ಕತ್ತಾ ಟಂಕಸಾಲೆ ಹೊಡೆದದ್ದು 45. ಎರಡೂ ಅಸಲಿ.

ಪೂರ್ವಪಕ್ಷ: “ಏನಪ್ಪಾ, ಇದು ಚಿಕ್ಕದಿದೆಯಲ್ಲ?”

ಉತ್ತರಪಕ್ಷ: “ಕಲ್ಕತ್ತಾದ್ದು ಸಾರ್.”

“ಕಲ್ಕತ್ತಾದ್ದಕ್ಕಿಂತಲೂ ಚಿಕ್ಕದಿದೆ.”

“ಸವೆದಿದೆ ಸಾರ್. ಇನ್ನೂರು ವರ್ಷ ಆಯ್ತಲ್ಲ.”

ಇನ್ನು ಅನುಮಾನ. ಈ ಪದಕ ಬೆಳ್ಳಿಯದಲ್ಲ, ನೀರಿಗಿಂತ ಏಳೂಚಿಲ್ಲರೆ ಪಟ್ಟು ಮಾತ್ರ ಭಾರವಿರುವುದರಿಂದ, ತವರದಂತೆ. ಬೆಳ್ಳಿಯಾದರೆ ಹತ್ತು ದಾಟಬೇಕು, ಚಿನ್ನವಾದರೆ ಹತ್ತೊಂಬತ್ತು. ತಕ್ಕಡಿ, ದಾರ, ಒಂದು ಲೋಟ ನೀರು ಇದ್ದರೆ ತರ್ಕ ಮುಗಿಯಿತು. ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರಿಗೆ ಈ ಕ್ಷೇತ್ರ ಹೊಸದಲ್ಲ: ಮೂಲೆಗೂ ಉಬ್ಬಿಗೂ ಒಂದೇ ಸಮ ಕಪ್ಪು ಹಿಡಿದಿದ್ದರೆ ಅದು ಕಾಲದ ಕಪ್ಪಲ್ಲ, ಮೊನ್ನೆ ಯಾರೋ ಬೆಂಕಿಗೋ ರಾಸಾಯನಿಕಕ್ಕೋ ಹಿಡಿದದ್ದು. ಕೈಯಾಡಿದ ಪದಕದ ಉಬ್ಬುಗಳು ಬೆಳ್ಳಗಾಗಿ ಸಂದುಗಳಲ್ಲಷ್ಟೇ ಕಪ್ಪು ಉಳಿದಿರುತ್ತದೆ.

ಇಲ್ಲದಿರುವುದನ್ನೇ ಸಾಕ್ಷಿಯಾಗಿ ಹಿಡಿಯುವ ಅನುಪಲಬ್ಧಿ ಪ್ರಮಾಣ ಎರಡು ನಾಲಗೆಯದು. ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ 36 ಮಿಲಿಮೀಟರಿನ ಬೆಳ್ಳಿಬಿಲ್ಲೆ. ಸೈನಿಕನಿಗೆ ಕೊಟ್ಟ ಪ್ರತಿಯ ಅಂಚಿನಲ್ಲಿ ಅವನ ಸಂಖ್ಯೆ, ಹೆಸರು, ಪಡೆ ಒತ್ತಿರುತ್ತವೆ. ಹೆಸರಿಲ್ಲದೆ ಅಂಚು ಒಂದೆಡೆ ತೆಳುವಾಗಿದ್ದರೆ ಯಾರೋ ಅರ ಹಾಕಿ ಹೆಸರು ಅಳಿಸಿದ್ದಾರೆಂದೇ ತಿಳಿಯಬೇಕು. ಶ್ರೀರಂಗಪಟ್ಟಣದ್ದನ್ನೋ ಹೆಸರೂ ಇಲ್ಲದೆ, ತೂಗುಹಾಕುವ ಕೊಂಡಿಯೂ ಇಲ್ಲದೆ ಹಂಚಿದರು. ಪಡೆದವರು ತಮಗೆ ತೋಚಿದಂತೆ ಬಳೆಯನ್ನೋ ಕೊಕ್ಕೆಯನ್ನೋ ಹಾಕಿಸಿಕೊಂಡರು. ಹಾಗಾಗಿ ಅಲ್ಲಿ ಅಚ್ಚುಕಟ್ಟಾದ ಹೆಸರು ಕಂಡರೆ ಕೈ ಹಿಂದೆಗೆಯಬೇಕು. ಒಂದೇ ತಟ್ಟೆಯ ಪದಕಗಳಿಗೆಲ್ಲ ಒಂದೇ ನಮೂನೆಯ ಕೊಂಡಿ ಕಂಡರೆ ಎದ್ದು ಬರಬೇಕು.

ಇಷ್ಟಾದರೂ ಕೊಂಡುಬಿಟ್ಟವರಿಗೆ ಸಾಂತ್ವನ ಹೇಳಲು ಆಚಾರ್ಯತ್ರಯರಿದ್ದಾರೆ. ಅದ್ವೈತಿ ಸಂಗ್ರಾಹಕನ ಪ್ರಕಾರ ಅವನ ಪದಕ ಸತ್ತೂ ಅಲ್ಲ, ಅಸತ್ತೂ ಅಲ್ಲ, ಅನಿರ್ವಚನೀಯ; ಬೆಲೆ ಮಾತ್ರ ನಿರ್ವಚನೀಯ. ವಿಶಿಷ್ಟಾದ್ವೈತಿ ಚಿಪ್ಪಿನಲ್ಲೂ ಬೆಳ್ಳಿಯ ಅಂಶ ಉಂಟೆಂದು ನಂಬಿದವನಾದ್ದರಿಂದ ಮೇಲಿನ ಬೆಳ್ಳಿ ಲೇಪ ತೋರಿಸಿ ಸಮಾಧಾನಪಟ್ಟುಕೊಳ್ಳುತ್ತಾನೆ. ದ್ವೈತಿಯೊಬ್ಬನೇ ಮೋಸಹೋಗದವನು. ಒಂದು ಜಡಕ್ಕೂ ಇನ್ನೊಂದು ಜಡಕ್ಕೂ ಭೇದ ಸತ್ಯವೆಂದು ಅವನ ಸಿದ್ಧಾಂತವೇ ಸಾರುವುದರಿಂದ ಅವನು ಕ್ಯಾಲಿಪರ್ಸ್ ಇಲ್ಲದೆ ಮನೆಯಿಂದ ಹೊರಡುವುದಿಲ್ಲ.

ಎಲ್ಲಕ್ಕಿಂತ ಬಲಶಾಲಿ ಶಬ್ದ ಪ್ರಮಾಣ, ಅಂದರೆ ಮಾರುವವನ ಬಾಯಿಮಾತು. “ಇದು ಮೈಸೂರು ಲ್ಯಾನ್ಸರ್ಸ್ ಸವಾರರ ಮನೆತನದ್ದು ಸಾರ್, ಹೈಫಾದಲ್ಲಿ ಕುದುರೆ ಮೇಲೆ ಹೋದವರು, ಮೊಮ್ಮಗನ ಮದುವೆಗೆ ದುಡ್ಡಿಲ್ಲದೆ ಕೊಟ್ಟುಬಿಟ್ಟರು.” 1918ರ ಸೆಪ್ಟೆಂಬರ್ 23ರ ಹೈಫಾ ಸತ್ಯ, ಲ್ಯಾನ್ಸರ್ಸ್ ಸತ್ಯ, ಮದುವೆಯೂ ಸತ್ಯವಿರಬಹುದು. ಪದಕದ ಅಂಚಿನಲ್ಲಿ ಮಾತ್ರ ಸ್ಕಾಟ್ಲೆಂಡಿನ ಯಾವುದೋ ಕಾಲಾಳು ಪಡೆಯ ಹೆಸರು. ಅದನ್ನು ಓದಿಯೂ ಸಂಗ್ರಾಹಕ ದುಡ್ಡು ಎಣಿಸುತ್ತಾನೆ. ಕಥೆ ಹೇಳುವಾಗ ಮಾರುವವನ ಗಂಟಲು ಕಟ್ಟಿತ್ತಲ್ಲ! ಚಿಪ್ಪು ತಾನು ಬೆಳ್ಳಿಯೆಂದು ಯಾವತ್ತೂ ಹೇಳಿಕೊಂಡದ್ದಿಲ್ಲ; ಹಾಗೆಂದು ಹೇಳುವವನು ಪಕ್ಕದಲ್ಲಿ ನಿಂತಾಗ ಭ್ರಮೆ ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಪ್ರಾಚೀನರು ಲೆಕ್ಕಕ್ಕೇ ಹಿಡಿಯಲಿಲ್ಲ.

ಕೊನೆಯದು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಮೀಮಾಂಸಕರ ದೃಷ್ಟಾಂತ. ನಮ್ಮ ಗುಜರಿ ದೇವದತ್ತ “ಇಂಥದ್ದು ಇದೊಂದೇ ಉಳಿದಿರೋದು ಸಾರ್” ಎಂದು ಪ್ರತಿ ಭಾನುವಾರವೂ ಒಂದನ್ನು ಮಾರುತ್ತಾನೆ. ಮುಂದಿನ ಭಾನುವಾರ ಹೋಗಿ ನೋಡಿದರೆ ತಟ್ಟೆಯಲ್ಲಿ ಅಂಥದ್ದೇ ಒಂದು ಇರುತ್ತದೆ. ಆದ್ದರಿಂದ ದೇವದತ್ತ ರಾತ್ರಿ ಎರಕ ಹೊಯ್ಯುತ್ತಾನೆ.