ಆಮೆಗೆ ಅಜೀರ್ಣ

ನಮ್ಮ ಭದ್ರಾವತಿ ನ್ಯೂಟೌನಿನಲ್ಲಿ ಹೊಟ್ಟೆ ಸರಿಯಿಲ್ಲ ಅಂತ ಬಾಯಿಬಿಟ್ಟರೆ ಸಾಕು, ಬೀದಿಗೆ ಬೀದಿಯೇ ವೈದ್ಯರಾಗಿಬಿಡುತ್ತದೆ. ಜೀರಿಗೆ ಕಷಾಯ, ಓಮದ ನೀರು, ಇಂಗು ಹಾಕಿದ ಮಜ್ಜಿಗೆ, ಯಾವುದಕ್ಕೂ ಬಗ್ಗದಿದ್ದರೆ ಹರಳೆಣ್ಣೆ. ರೋಗಿ ಯಾರು ಅಂತ ಕೇಳುವ ಪದ್ಧತಿ ಇಲ್ಲ. ಪಕ್ಕದ ಮನೆ ಅಕ್ಕ ದಾಸವಾಳದ ಬೇಲಿ ಹತ್ತಿರ ನಿಂತು, "ಏನೂ ಮುಟ್ತಿಲ್ಲ ಕಣೇ, ಹೊಟ್ಟೆ ಕಟ್ಟಿದೆ" ಅಂದಾಗಲೂ ಹಾಗೇ ಆಯಿತು. ಎದುರುಮನೆಯವರು ಓಮ ಹೇಳಿ, ಮೂಲೆಮನೆಯವರು ಹರಳೆಣ್ಣೆ ಹೇಳಿ ಮುಗಿಸಿದ ಮೇಲೆ ತಿಳಿದದ್ದು, ರೋಗಿ ಆಮೆ ಅಂತ.

ಬೆಂಗಳೂರಿನ ಮೊಮ್ಮಗ ರಜೆಗೆ ಬರುವಾಗ ಯಾವುದೋ ಅಂಗಡಿಯಿಂದ ತಂದು, ಹೋಗುವಾಗ ಮರೆತವನ ಹಾಗೆ ಬಿಟ್ಟುಹೋದ ಪ್ರಾಣಿ. ಅಂಗೈಯಗಲ ಇದೆ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕುಂಕುಮ ಎಳೆದಂತೆ ಕೆಂಪು ಪಟ್ಟೆ. ಅಮೆರಿಕದ ಮಿಸಿಸಿಪ್ಪಿ ಹೊಳೆ ಕಡೆಯ ಜಾತಿ, ರೆಡ್ ಇಯರ್ಡ್ ಸ್ಲೈಡರ್. ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ, ಟಿವಿ ಪಕ್ಕ ಅದರ ಬಿಡಾರ. ಮನೆಯಲ್ಲಿ ಆಮೆ ಇದ್ದರೆ ದುಡ್ಡು ಬರುತ್ತದೆ ಅಂತ ಅಕ್ಕನಿಗೆ ಯಾರೋ ಹೇಳಿದ್ದಾರೆ. ಆಮೆಯನ್ನು ನಂಬಿ ಬರುವ ದುಡ್ಡು ಎಷ್ಟು ಹೊತ್ತಿಗೆ ಬಂದೀತು ಅಂತ ಭಾವನ ಕೊಂಕು.

"ಹೊಕ್ಕುಳ ಸುತ್ತ ಇಂಗು ಹಚ್ಚಿದ್ರೆ?" ಅಂದರು ಎದುರುಮನೆಯವರು. ಆಮೆಗೆಲ್ಲಿಯ ಹೊಕ್ಕುಳ ಅಂತ ಎಲ್ಲರೂ ನಕ್ಕೆವು. ನಗಬೇಕಾಗಿಲ್ಲ, ಇರುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಹೊಟ್ಟೆಯ ಚಿಪ್ಪಿನ ನಡುವೆ ಹಳದಿ ಭಂಡಾರದ ಚೀಲ ಅಂಟಿದ್ದ ಗುರುತು ಇದ್ದು, ಕ್ರಮೇಣ ಮುಚ್ಚಿಹೋಗುತ್ತದೆ. ಇಂಗು ಮಾತ್ರ ಬೇಡ.

"ಏನೇನು ಹಾಕ್ತಿದ್ರಿ ಅಕ್ಕಾ ಅದಕ್ಕೆ?"

"ಹಾಲನ್ನ. ಚಪಾತಿ ಚೂರು. ಬಿಸ್ಕತ್ತು. ಅಂಗಡಿಯವನು ಕೊಟ್ಟ ಒಣ ಸೀಗಡಿ. ಮಗು ಥರ ನೋಡ್ಕೊಂಡಿದೀನಿ ಕಣೇ."

ಅಲ್ಲೇ ಇರುವುದು ತೊಂದರೆ. ಹಾಲು ಕುಡಿದು ಬೆಳೆಯುವ ಜಾತಿಯಲ್ಲ ಅದು. ಹಾಲು, ಮೈದಾ, ಸಕ್ಕರೆ ಅದರ ಕರುಳಿಗೆ ಹೊಂದುವುದಿಲ್ಲ. ಒಣ ಸೀಗಡಿ ಕುರುಕಲು ತಿಂಡಿಯೇ ಹೊರತು ಊಟವಲ್ಲ, ಅದನ್ನೇ ತಿಂದುಕೊಂಡಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಮರಿಯಾಗಿದ್ದಾಗ ಹುಳ, ಮೀನು ಹೆಚ್ಚು ಬೇಡುವ ಈ ಆಮೆ ಬೆಳೆದಂತೆ ಸೊಪ್ಪುಸದೆಗೆ ತಿರುಗುತ್ತದೆ. ತಿನ್ನುವುದೂ ನೀರಿನೊಳಗೇ, ನೆಲದ ಮೇಲೆ ಇಟ್ಟರೆ ನುಂಗಲು ಬಾರದು. ಅಕ್ಕ ಅದನ್ನು ಎತ್ತಿ ನೆಲದ ಮೇಲೆ ಬಿಟ್ಟು ತಟ್ಟೆ ಮುಂದಿಡುತ್ತಿದ್ದರಂತೆ, ಮರ್ಯಾದೆಯಾಗಿ.

ಆದರೆ ಊಟಕ್ಕಿಂತ ದೊಡ್ಡ ವಿಷಯ ಬೇರೆ ಇತ್ತು. ಅದನ್ನು ಭಾವನಿಗೆ ಹೇಳುವುದು ಸುಲಭವಾಯಿತು, ಯಾಕೆಂದರೆ ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಹತ್ತಿರ ದುಡಿದು ನಿವೃತ್ತರಾದವರು.

"ಭಾವಾ, ಆರಿದ ಕುಲುಮೆಗೆ ಅದಿರು ಸುರಿದ್ರೆ ಏನಾಗುತ್ತೆ?"

"ಏನಾಗುತ್ತೆ? ಕಲ್ಲು ಕಲ್ಲಾಗೇ ಕೂರುತ್ತೆ."

"ಇದಕ್ಕೂ ಅಷ್ಟೇ ಆಗಿರೋದು."

ನಮ್ಮ ಜಠರಾಗ್ನಿ ಮಳೆಗಾಲದಲ್ಲೂ ಉರಿಯುತ್ತದೆ, ಮೈಯೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಆಮೆಗೆ ಆ ಸೌಕರ್ಯ ಇಲ್ಲ. ಬಿಸಿಲಿನಿಂದ ಸಾಲ ತಂದ ಶಾಖದಲ್ಲೇ ಅದರ ಹೊಟ್ಟೆ ನಡೆಯಬೇಕು. ಈ ಜಾತಿಗೆ ನೀರು 24ರಿಂದ 27 ಡಿಗ್ರಿ ಇರಬೇಕು; ಮೈ ಒಣಗಿಸಿಕೊಳ್ಳಲು ಏರಿ ಕೂರುವ ಜಾಗ 30-32 ಡಿಗ್ರಿ. ಜಡಿಮಳೆ ಹಿಡಿದ ಆಷಾಢದಲ್ಲಿ, ಟಿವಿ ಪಕ್ಕದ ತಣ್ಣೀರ ಟಬ್ಬಿನಲ್ಲಿ, ಹತ್ತಿ ಕೂರಲು ಒಂದು ಕಲ್ಲೂ ಇಲ್ಲದೆ ಕಳೆದ ಪ್ರಾಣಿಗೆ ತಿಂದದ್ದು ಅರಗುವುದು ಹೇಗೆ? ಹೊಟ್ಟೆಯಲ್ಲೇ ಕೊಳೆಯುತ್ತದೆ, ವಾಯು ತುಂಬುತ್ತದೆ. ತಿನ್ನುತ್ತಿಲ್ಲ ಅಂತ ಬಾಯಿ ಬಿಡಿಸಿ ಇನ್ನಷ್ಟು ತುರುಕುವುದು ನಮ್ಮ ಪ್ರೀತಿಯ ರೀತಿ. 1923ರಿಂದ ಕಬ್ಬಿಣ ಕರಗಿಸಿದ ಊರು, ಹಳೇ ಹೆಸರೇ ಬೆಂಕಿಪುರ. ಇಲ್ಲಿ ಒಂದು ಅಂಗೈಯಗಲದ ಹೊಟ್ಟೆಗೆ ಬೆಚ್ಚಗಿನ ಜಾಗ ಸಿಗಲಿಲ್ಲ.

"ಕಿಟಕಿ ಹತ್ರ ಇಡ್ತೀನಿ ಬಿಡು, ಗಾಜಿನಿಂದ ಬಿಸಿಲು ಬೀಳುತ್ತೆ" ಅಂದರು ಅಕ್ಕ. ಗಾಜು ಬೆಳಕು ಬಿಡುತ್ತದೆ, ಆಮೆಗೆ ಬೇಕಾದ ಅತಿನೇರಳೆ ಕಿರಣವನ್ನು ತಡೆದುಬಿಡುತ್ತದೆ. ಆ ಕಿರಣ ಇಲ್ಲದೆ ಡಿ ವಿಟಮಿನ್ ಇಲ್ಲ, ಡಿ ಇಲ್ಲದೆ ಕ್ಯಾಲ್ಸಿಯಂ ಹಿಡಿಯದು. ಅಂಗಳಕ್ಕೇ ತರಬೇಕು. ಹಾಗಂತ ಚೈತ್ರದ ಬಿಸಿಲಲ್ಲಿ ನೆರಳಿಲ್ಲದ ಟಬ್ಬಿನಲ್ಲಿ ಇಟ್ಟು ಒಳಗೆ ಹೋಗಿ ಮಲಗಿದರೆ ಬೆಂದೇ ಹೋಗುತ್ತದೆ. ಅರ್ಧ ಬಿಸಿಲು, ಅರ್ಧ ನೆರಳು. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳಲಿ.

ನಾನು ಬೇಲಿ ದಾಟಿ ಹೋಗಿ ನೋಡಿದೆ. ತಳದಲ್ಲಿ ಅಂಗಡಿಯವನು ಕೊಟ್ಟ ಬಣ್ಣದ ಕಲ್ಲುಗಳು, ಕಡಲೆಕಾಳಿನಷ್ಟು ಗಾತ್ರದವು. ಅವನ್ನು ಆಮೆ ನುಂಗುತ್ತದೆ, ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ. ಅದರ ತಲೆಗಿಂತ ಸಣ್ಣ ಕಲ್ಲನ್ನು ಟಬ್ಬಿಗೆ ಹಾಕಲೇಬಾರದು. ಆಮೆ ನೀರಿನ ಮೇಲೆ ತೇಲುತ್ತಿತ್ತು, ಎಡಗಡೆ ಚಿಪ್ಪಿನಂಚು ಮೇಲೆದ್ದಿತ್ತು. ಮುಳುಗಲು ಕಾಲು ಬಡಿಯುತ್ತದೆ, ಆಗುತ್ತಿಲ್ಲ. ಮೂಗಿನ ತುದಿಯಲ್ಲೊಂದು ಗುಳ್ಳೆ. ಇದನ್ನು ಕಂಡ ಮೇಲೆ ಮನೆಮದ್ದಿನ ಮಾತು ನಿಲ್ಲಿಸಬೇಕು. ವಾರೆ ತೇಲುವುದು ಹೊಟ್ಟೆಯ ವಾಯುವಿಂದಲೂ ಆದೀತು, ಶ್ವಾಸಕೋಶದ ಸೋಂಕಿಂದಲೂ ಆದೀತು. ಎಕ್ಸ್‌ರೇ ಇಲ್ಲದೆ ಹೇಳುವುದು ಕಷ್ಟ. ಬರೀ ಮಲಬದ್ಧತೆಯಾಗಿದ್ದರೆ ಉಗುರುಬೆಚ್ಚಗಿನ ನೀರಲ್ಲಿ, ಗದ್ದ ಮುಟ್ಟುವಷ್ಟು ಆಳದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಎಷ್ಟೋ ಸಲ ಸಲೀಸಾಗುತ್ತದೆ.

"ದನದ ಡಾಕ್ಟ್ರ ಹತ್ರ ಹುಳದ ಇಂಜೆಕ್ಷನ್ ಹಾಕಿಸಿದ್ರಾಯ್ತು" ಅಂದರು ಮೂಲೆಮನೆಯವರು. ದನಕ್ಕೂ ನಾಯಿಗೂ ಹಾಕುವ ಐವರ್ಮೆಕ್ಟಿನ್ ಆಮೆಗೆ ವಿಷ. ಕೈಕಾಲು ಸೋತು ಸಾಯುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವಾಗ ಬೀದಿ ಪಂಚಾಯ್ತಿ ಯಾಕೆ? ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ವಾಪಸ್ಸು. ಭಾವ ಡಬ್ಬಿಯ ಮುಚ್ಚಳಕ್ಕೆ ಮೊಳೆ ಕಾಸಿ ತೂತು ಹಾಕತೊಡಗಿದರು.

ಅಕ್ಕನಿಗೆ ಇನ್ನೊಂದು ಯೋಚನೆ. "ಇದರ ಬದ್ಲು ಆ ಬೆನ್ನ ಮೇಲೆ ನಕ್ಷತ್ರ ಇರೋದು ತಂದಿದ್ರೆ? ನೆಲದ ಮೇಲೇ ಓಡಾಡ್ಕೊಂಡಿರುತ್ತಂತೆ."

ಬೇಡ ಅಕ್ಕಾ. ಒಂದು, ಜೈಲು. 2022ರ ತಿದ್ದುಪಡಿಯಲ್ಲಿ ನಕ್ಷತ್ರ ಆಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದೆ, ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಎರಡು, ಅದರ ಹೊಟ್ಟೆ ಇನ್ನೂ ಸೂಕ್ಷ್ಮ. ಬಯಲುಸೀಮೆಯ ಒಣಹುಲ್ಲು ಮೇಯುವ ಪ್ರಾಣಿ. ಕರುಳಿನ ಕೊನೆಯ ಭಾಗದಲ್ಲಿ ಸೂಕ್ಷ್ಮಜೀವಿಗಳು ಆ ನಾರನ್ನು ನಿಧಾನಕ್ಕೆ ಹುದುಗಿಸಬೇಕು. ಟೊಮೆಟೊ, ಸೌತೆಕಾಯಿ, ಬಾಳೆಹಣ್ಣು ಕೊಟ್ಟು ಮುದ್ದು ಮಾಡಿದರೆ ಆ ಜೀವಿಗಳ ಲೆಕ್ಕ ತಪ್ಪಿ ಭೇದಿ ಹಿಡಿಯುತ್ತದೆ. ಆದರೂ ಕಳ್ಳದಾರಿಯಲ್ಲಿ ವಿದೇಶದ ಮನೆ ಸೇರಿದ ನಕ್ಷತ್ರ ಆಮೆಗಳು ಎಷ್ಟೋ. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ಸು ಬಂದವು. ಬಂದ ತಕ್ಷಣ ಕಾಡಿಗೆ ಬಿಡಲಿಲ್ಲ, ಮೊದಲು ಬೇರೆಯಾಗಿಟ್ಟು ಆರೋಗ್ಯ ನೋಡಿಕೊಂಡರು.

"ಹಾಗಾದ್ರೆ ಇದನ್ನೂ ಭದ್ರಾ ಹೊಳೆಗೆ ಬಿಟ್ಟುಬಿಡೋಣ ಮಾರಾಯ್ತಿ, ಪುಣ್ಯ ಬರುತ್ತೆ."

ಈ ಪುಣ್ಯದ ಮಾತು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಈ ಕೆಂಪು ಪಟ್ಟೆಯ ಆಮೆ ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಹೋದಲ್ಲೆಲ್ಲ ಸ್ಥಳೀಯ ಆಮೆಗಳ ಊಟ, ಬಿಸಿಲು ಕಾಯುವ ಬಂಡೆ ಎರಡನ್ನೂ ಕಿತ್ತುಕೊಳ್ಳುತ್ತದೆ. ಅದರ ಮೈಮೇಲಿನ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಯನ್ನೂ ಕೆಡಿಸುತ್ತದೆ. ಅಮೆರಿಕದಲ್ಲಿ 1975ರಿಂದ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನೇ ನಿಲ್ಲಿಸಿದ್ದು ಅದಕ್ಕೇ. ಟಬ್ಬನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬೇಡಿ, ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ. ಸಾಕಲು ಆಗುವುದಿಲ್ಲ ಅನ್ನಿಸಿದರೆ, ಬಿಸಿಲೂ ಜಾಗವೂ ಇರುವ, ಸಾಕಲು ಗೊತ್ತಿರುವ ಮನೆಯನ್ನು ಹುಡುಕಿ ಕೊಡಿ. ಹೊಳೆಗೆ, ಕೆರೆಗೆ, ಭದ್ರಾ ನಾಲೆಗೆ ಮಾತ್ರ ದಯವಿಟ್ಟು ಬಿಡಬೇಡಿ.