ಸ್ಮಾರ್ಟ್ ಕ್ಲಾಸಿನ ಸಮಾಜ ಮೇಷ್ಟ್ರು

ಹೈಸ್ಕೂಲು ಅಂದಮೇಲೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ಗಣಿತದವರು ಸೀಮೆಸುಣ್ಣ ಬಿಡಲೊಲ್ಲರು, ಕನ್ನಡದವರು ಪ್ರೊಜೆಕ್ಟರ್ ಕಂಡ ಕೂಡಲೇ ಕನ್ನಡಕ ಒರೆಸಿಕೊಳ್ಳುತ್ತಾ ಆಚೆ ನಡೆಯುತ್ತಾರೆ. ಕಂಪ್ಯೂಟರ್ ತರಬೇತಿಗೆ ಯಾರನ್ನು ಕಳಿಸೋಣ ಎಂಬ ಮಾತು ಬಂದಾಗ ಸ್ಟಾಫ್ ರೂಮಿನ ಕಣ್ಣೆಲ್ಲ ಸಮಾಜದ ಮೇಷ್ಟ್ರ ಮೇಲೆಯೇ. ಹೋದರು, ಒಂದು ಸರ್ಟಿಫಿಕೇಟು, ಒಂದು ಗ್ರೂಪ್ ಫೋಟೋ, ಒಂದು ಪೆನ್‌ಡ್ರೈವ್ ಸಮೇತ ಮರಳಿದರು. ಅಂದಿನಿಂದ ಅವರ ಬಾಯಲ್ಲಿ ಪಾಠಕ್ಕೆ 'ಕಂಟೆಂಟು' ಅಂತಲೇ ಹೆಸರು.

ಪ್ರೊಜೆಕ್ಟರು ಬೀರುವಿನಲ್ಲಿ, ಬೀರುವಿನ ಕೀಲಿ ಹೆಡ್ಮಾಸ್ಟರ ಜೇಬಿನಲ್ಲಿ, ಹೆಡ್ಮಾಸ್ಟರು ಮೀಟಿಂಗಿನಲ್ಲಿ. ಕೀಲಿ ಸಿಕ್ಕಿದ ದಿನ ಕರೆಂಟಿಲ್ಲ. ಎಲ್ಲ ಕೂಡಿಬಂದ ಶುಭದಿನ ತೆರೆಯ ಮೇಲೆ ಮೂಡುವುದು ಗೈಡಿನ ಪ್ರಶ್ನೋತ್ತರ. "ಹೂಂ, ಬರ್ಕೊಳ್ಳಿ." ಮೊದಲು ಬೆಳಕಿನಲ್ಲಿ ಬರೆದುಕೊಳ್ಳುತ್ತಿದ್ದುದನ್ನೇ ಮಕ್ಕಳು ಈಗ ಕಿಟಕಿ ಮುಚ್ಚಿಕೊಂಡು ಕತ್ತಲಲ್ಲಿ ಬರೆದುಕೊಳ್ಳುತ್ತಾರೆ. ಪಠ್ಯಪುಸ್ತಕದ ತುಂಬ ದೀಕ್ಷಾ ಆ್ಯಪಿನ ಕ್ಯೂಆರ್ ಕೋಡುಗಳಿವೆ. ಶಾಲೆಗೆ ಮೊಬೈಲು ತರುವ ಹಾಗಿಲ್ಲವಲ್ಲ, ಹುಡುಗರು ಅವಕ್ಕೆಲ್ಲ ಮೀಸೆ ಬರೆದಿದ್ದಾರೆ.

ಒಮ್ಮೆ ತಾಳಿಕೋಟೆ ಯುದ್ಧದ ವಿಡಿಯೋ ಹಾಕಿದರು. ಹಾಟ್‌ಸ್ಪಾಟು ಮೇಷ್ಟ್ರದೇ ಫೋನಿನದು. ಮೊದಲು ಅಡುಗೆ ಎಣ್ಣೆಯ ಜಾಹೀರಾತು, ಆಮೇಲೆ 1565ರ ಜನವರಿ 23. ಫಿರಂಗಿ ಸಿಡಿದವು, ಸುಲ್ತಾನರ ಸೈನ್ಯ ಮುತ್ತಿತು, ರಾಮರಾಯ ಸೆರೆಸಿಕ್ಕ, ಕತ್ತಿ ಮೇಲೆದ್ದಿತು. ಅಷ್ಟರಲ್ಲಿ ತೆರೆಯ ನಡುವೆ ಚಕ್ರ ತಿರುಗತೊಡಗಿತು. ಮೇಷ್ಟ್ರು ಫೋನು ಹಿಡಿದು ಕಿಟಕಿಗೆ ಹೋದರು, ಬಾಗಿಲಿಗೆ ಬಂದರು, ಬೆಂಚು ಹತ್ತಿದರು. ಡೇಟಾ ಮುಗಿದಿತ್ತು. ಬೆಲ್ ಹೊಡೆಯಿತು. ಒಂಬತ್ತನೇ 'ಎ' ವಿಭಾಗದ ಮಟ್ಟಿಗೆ ರಾಮರಾಯ ಆ ದಿನ ಬದುಕಿಕೊಂಡ, ವಿಜಯನಗರ ಬೀಳಲಿಲ್ಲ.

ಬೆರಳ ತುದಿಯಲ್ಲಿ ಇಷ್ಟೆಲ್ಲ ತಂತ್ರಜ್ಞಾನವಿರುವ ಮನುಷ್ಯ ನಂಬುವ ರೀತಿ ಮಾತ್ರ ವಿಚಿತ್ರ. ಪಠ್ಯಪುಸ್ತಕದಲ್ಲಿ ಒಂದು ಇಸವಿ ತಪ್ಪಿದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಅದೇ ವಾಟ್ಸಾಪಿನಲ್ಲಿ ಬಂದದ್ದಾದರೆ, ಅದರ ಕೊನೆಗೆ ಮೂರು ಕೈಮುಗಿಯುವ ಚಿತ್ರಗಳಿದ್ದರೆ, ಶಾಸನಕ್ಕಿಂತ ಗಟ್ಟಿ. ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆಯೆಂದು ಪ್ರಾರ್ಥನೆ ವೇಳೆಯಲ್ಲಿ ಸಾರಿದವರು ಇವರೇ. ಚೀನಾದ ಗೋಡೆ ಬಾಹ್ಯಾಕಾಶದಿಂದ ಬರಿಗಣ್ಣಿಗೆ ಕಾಣುತ್ತದೆಂದು ಇಂದಿಗೂ ಹೇಳುತ್ತಾರೆ; 2003ರಲ್ಲಿ ಅಲ್ಲಿಗೆ ಹೋಗಿಬಂದ ಚೀನಾದ ಯಾಂಗ್ ಲಿವೈ ತನಗೇ ಕಾಣಲಿಲ್ಲ ಅಂದದ್ದನ್ನು ಇವರಿಗೆ ಯಾರೂ ಫಾರ್ವರ್ಡ್ ಮಾಡಿಲ್ಲ.

ಅವರ ತರಗತಿಯಲ್ಲಿ ಮೌಸು ಹಿಡಿಯುವುದು ಮುದ್ದೇಬಿಹಾಳದ ಕಡೆಯಿಂದ ವರ್ಗವಾಗಿ ಬಂದ ಪೊಲೀಸರೊಬ್ಬರ ಮಗಳು. ಮೇಷ್ಟ್ರ ಕೈಗೆ ಆ ಬಾಣದ ಗುರುತು ನಿಲ್ಲುವುದಿಲ್ಲವೆಂಬುದೇ ಕಾರಣ, ಮತ್ತೇನಿಲ್ಲ. ಆದರೂ ಲ್ಯಾಪ್‌ಟಾಪನ್ನು ಮಕ್ಕಳ ಕೈಗೆ ಕೊಟ್ಟ ಮೇಷ್ಟ್ರು ಆ ಶಾಲೆಯಲ್ಲಿ ಇವರೊಬ್ಬರೇ, ಆ ಪುಣ್ಯ ಅವರಿಗೆ ಸಲ್ಲಲಿ. ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೋ ಘೋಷಿಸಿದೆ ಎಂದು ಅವರು ಹೇಳಿದ ದಿನ ಆಕೆ ಎದ್ದು ನಿಂತಳು.

"ಸರ್, ಯುನೆಸ್ಕೋ ಹೇಳೇತಿ ಅಂದ್ರ ಅವರ ವೆಬ್‌ಸೈಟಿನ್ಯಾಗ ಇರಬೇಕಲ್ರೀ?"

"ಇರತ್ತೆ, ನೋಡು."

ನೋಡಿದಳು. ಹಂಪಿ ಇತ್ತು, 1986. ಪಟ್ಟದಕಲ್ಲು ಇತ್ತು, 1987. ಬೇಲೂರು, ಹಳೇಬೀಡು, ಸೋಮನಾಥಪುರ, 2023. ರಾಷ್ಟ್ರಗೀತೆಯ ಸುದ್ದಿಯೇ ಇಲ್ಲ.

"ಇಂಗ್ಲಿಷಲ್ಲಿದೆಯಮ್ಮ ಅದು, ನಿಂಗೆ ಗೊತ್ತಾಗಲ್ಲ," ಎಂದರು ಮೇಷ್ಟ್ರು. ಆಕೆ ಸುಮ್ಮನಾಗಲಿಲ್ಲ. ಯುದ್ಧದ ವಿಷಯವನ್ನೂ ಎತ್ತಿದಳು: ತಾಳಿಕೋಟೆ ಅನ್ನುವುದು ಹೆಸರಿಗಷ್ಟೇ, ಅದಕ್ಕೆ ರಕ್ಕಸತಂಗಡಗಿ ಕದನ ಅಂತಲೂ ಹೆಸರಿದೆ, ರಕ್ಕಸಗಿ, ತಂಗಡಗಿ ಎರಡೂ ಊರಿನಲ್ಲಿ ತಮ್ಮ ಬೀಗರಿದ್ದಾರೆ. ಬೀಗರ ಸಾಕ್ಷ್ಯವನ್ನು ಯಾವ ಮೇಷ್ಟ್ರು ತಳ್ಳಿಹಾಕಿಯಾರು? ಮ್ಯಾಪ್ ತೆರೆದರು. ಮೂವತ್ತು ತಲೆಗಳು ಲ್ಯಾಪ್‌ಟಾಪಿನ ಮೇಲೆ ಬಾಗಿ ಕೃಷ್ಣಾ ನದಿಯ ದಂಡೆಯನ್ನು ಜಾಲಾಡಿದವು. ಆ ದಿನ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ನೋಟ್ಸ್ ಕೊಡದ ಪೀರಿಯಡ್ಡು ವ್ಯರ್ಥವಾಯಿತೆಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಪೇಚಾಡಿಕೊಂಡರು.

ವರ್ಷದ ಕೊನೆಗೆ ಮೇಲಿನವರಿಗೆ ಪುರಾವೆ ಬೇಕು: ಸ್ಮಾರ್ಟ್ ಕ್ಲಾಸು ಬಳಕೆಯಾದದ್ದಕ್ಕೆ ಜಿಪಿಎಸ್ ಫೋಟೋ. ಕರೆಂಟಿರಲಿಲ್ಲ. ಖಾಲಿ ತೆರೆಯನ್ನು ಬೆರಗಿನಿಂದ ನೋಡುವಂತೆ ಮಕ್ಕಳಿಗೆ ಹೇಳಿ ಕ್ಲಿಕ್ಕಿಸಿದರು. ಫೋಟೋದ ಕೆಳಗೆ ಅಂಕಿಗಳು ಮೂಡಿದವು. ಅಕ್ಷಾಂಶ ರೇಖಾಂಶ ಅಂದರೇನೆಂದು ಇವರೇ ಗ್ಲೋಬ್ ತಿರುಗಿಸಿ ಕಲಿಸಿದ್ದರು. ಆ ಹುಡುಗಿ ಅಂಕಿಗಳನ್ನು ಮ್ಯಾಪಿಗೆ ಹಾಕಿಯೇಬಿಟ್ಟಳು.

"ಸರ್, ಇದರ ಪ್ರಕಾರ ನಾವೆಲ್ಲ ಕೆರಿಯೊಳಗ ಅದೀವಿ ನೋಡ್ರಿ."

ಮೇಷ್ಟ್ರು ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಅಪ್‌ಲೋಡ್ ಆಗಿಹೋಯ್ತಲ್ಲಮ್ಮ. ಯಾರಾದ್ರೂ ಕೇಳಿದ್ರೆ ಜಲಸಂಪನ್ಮೂಲ ಅಧ್ಯಯನಕ್ಕೆ ಹೋಗಿದ್ವಿ ಅನ್ನಿ."